ಬಟ್ಟಲು ಮುಳುಗುವಷ್ಟು ಹೊತ್ತು

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಅತ್ತದ್ದು ನನಗೆ ಗೊತ್ತಾಗಲಿಲ್ಲ ಅಂದುಕೊಂಡಿರುತ್ತೀಯ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು ನಾನು. ಮೂಗು ಏರಿಸುವ ಸದ್ದು ನೆಗಡಿಯದೋ ಅಳುವಿನದೋ ಅಷ್ಟು ತಿಳಿಯುತ್ತದೆ. "ಟೈಮೇ ಸಾಲ್ತಿಲ್ಲ ತಾತ, ಓದೋಕೆ ಮನಸ್ಸೂ ಬರ್ತಿಲ್ಲ" ಅಂದೆ. ಅವು ಎರಡು ಬೇರೆ ಬೇರೆ ದೂರು. ಫೋನಿನಲ್ಲೇ ಉತ್ತರ ಹೇಳಹೋಗಿದ್ದರೆ "ಚೆನ್ನಾಗಿ ಓದವ್ವ" ಅಂತ ಮುಗಿಸಿಬಿಡುತ್ತಿದ್ದೆ. ಅದಕ್ಕೇ ಈ ಕಾಗದ.

ದೀಪಾವಳಿಗೆ ಬಂದಾಗ ನಿನ್ನ ಟೈಮ್ ಟೇಬಲ್ ನೋಡಿದ್ದೆ. ಡ್ರಾಯಿಂಗ್ ಶೀಟಿನ ಮೇಲೆ ಗಣಿತಕ್ಕೆ ಕೆಂಪು, ವಿಜ್ಞಾನಕ್ಕೆ ಹಸಿರು, ಸಮಾಜಕ್ಕೆ ನೇರಳೆ. ಬೆಳಗಿನ ಜಾವ ನಾಲ್ಕೂವರೆಗೆ ಶುರುವಾದದ್ದು ರಾತ್ರಿ ಹನ್ನೊಂದಕ್ಕೆ ಮುಗಿಯುತ್ತಿತ್ತು. ಊಟಕ್ಕೆ ಹದಿನೈದು ನಿಮಿಷ ಕೊಟ್ಟಿದ್ದೆ. ಹಸುವಿಗೆ ಒಂದು ನಿಮಿಷವೂ ಇರಲಿಲ್ಲ. ಕೆಳಗಿನ ಮೂಲೆಯ ಟೇಪು ಕಿತ್ತುಬಂದು ಹಿಂದೆ ಹಲ್ಲಿ ಸಂಸಾರ ಹೂಡಿತ್ತು. ಎಷ್ಟು ದಿನ ನಡೆಯಿತು ಅಂತ ಕೇಳಿದರೆ ಮೂರು ಬೆರಳು ತೋರಿಸಿ ನಕ್ಕೆ.

ನಕ್ಕದ್ದೇನೋ ಸರಿ. ಆದರೆ ಅದು ಮುರಿದುಬಿದ್ದದ್ದಕ್ಕೆ ನಿನ್ನ ಸೋಮಾರಿತನವೇ ಕಾರಣ ಅಂತ ತೀರ್ಮಾನಿಸಿದೆಯಲ್ಲ, ಅಲ್ಲಿ ಲೆಕ್ಕ ತಪ್ಪಿದೆ. ನಾನು ನಿಮ್ಮ ಮನೆಯಲ್ಲಿದ್ದ ನಾಲ್ಕು ದಿನ ಸುಮ್ಮನೆ ಕೂತಿರಲಿಲ್ಲ, ನಿನ್ನ ದಿನವನ್ನು ಎಣಿಸುತ್ತಿದ್ದೆ. ಐದೂವರೆಗೆ ಏಳುತ್ತೀಯ. ಕಸ, ಪಾತ್ರೆ, ಸ್ನಾನ, ಡಬ್ಬಿ ಕಟ್ಟೋದು ಅಂತ ಬಸ್ಸಿನ ಹೊತ್ತಿನ ತನಕ ನಿನ್ನ ಕೈಗೆ ಉಳಿಯುವುದು ಮುಕ್ಕಾಲು ಗಂಟೆ. ಆಮೇಲೆ ಸ್ಪೆಷಲ್ ಕ್ಲಾಸು, ಸ್ಕೂಲು, ಮತ್ತೆ ಸಂಜೆ ಸ್ಪೆಷಲ್ ಕ್ಲಾಸು. ಮನೆ ಸೇರುವಾಗ ಆರೂಕಾಲು. ಹಾಲು ಕರೆದು, ಡೈರಿಗೆ ಹಾಕಿ, ಕೈಕಾಲು ತೊಳೆದರೆ ಏಳು. ಅಲ್ಲಿಂದ ಊಟದ ತನಕ ಒಂದೂಕಾಲು ಗಂಟೆ, ಊಟವಾದ ಮೇಲೆ ಅರ್ಧ ಗಂಟೆ. ಒಟ್ಟು ಎರಡೂವರೆ ಗಂಟೆ. ಪಟ್ಟಿಯಲ್ಲಿ ಓದಿಗೆ ನೀನು ಬರೆದದ್ದು ಆರು ಗಂಟೆ. ಐವತ್ತು ಕೆಜಿ ಚೀಲಕ್ಕೆ ಕ್ವಿಂಟಾಲು ರಾಗಿ ತುರುಕಿದರೆ ಹರಿಯದೆ ಇನ್ನೇನಾಗುತ್ತದೆ? ಚೀಲವನ್ನು ಬೈದು ಏನು ಬಂತು?

ಇದು ನಿನ್ನೊಬ್ಬಳ ಕಾಯಿಲೆಯೂ ಅಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ರೋಜರ್ ಬ್ಯೂಲರ್ ಮತ್ತವರ ಜೊತೆಗಾರರು ಕೆನಡಾದಲ್ಲಿ ಪ್ರಬಂಧ ಬರೆಯುತ್ತಿದ್ದ ಕಾಲೇಜು ಹುಡುಗ ಹುಡುಗಿಯರನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಏನೆಲ್ಲ ಕೆಡಬಹುದೋ ಅಷ್ಟೂ ಕೆಟ್ಟರೆ? 49 ದಿನ ಅಂದರು. ಕೊನೆಗೆ ಹಿಡಿದದ್ದು 55 ದಿನಕ್ಕೂ ಹೆಚ್ಚು. ಎಲ್ಲವೂ ಕೆಡುತ್ತದೆ ಅಂತ ಹಾಕಿದ ಲೆಕ್ಕವೇ ಸಾಲಲಿಲ್ಲ! ನಾನೂ ಪ್ರತಿ ಜೂನಿನಲ್ಲಿ, ಡಿಸೆಂಬರಿಗೆ ಪಾಠ ಮುಗಿಸುತ್ತೇನೆ ಅಂತ ಹೆಡ್‌ಮಾಸ್ಟರಿಗೆ ಬರೆದುಕೊಡುತ್ತಿದ್ದೆ. ಒಂದು ವರ್ಷವೂ ಜನವರಿ ಕೊನೆಗೆ ಮುಂಚೆ ಮುಗಿಸಿದವನಲ್ಲ.

ಆದ್ದರಿಂದ ಗಂಟೆಗಳ ಪಟ್ಟಿ ಬಿಡು. ನಮ್ಮ ಅಟ್ಟದ ಮೇಲೊಂದು ತಾಮ್ರದ ಬಟ್ಟಲಿದೆ, ನೋಡಿದ್ದೀಯಾ? ತಳದಲ್ಲಿ ಸಣ್ಣ ತೂತು. ತೂತು ಬಿದ್ದ ಬಟ್ಟಲನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂತ ಒಂದು ಸಲ ನೀನೇ ಕೇಳಿದ್ದೆ. ಅದು ಗಳಿಗೆ ಬಟ್ಟಲು. ಊರಲ್ಲಿ ಮದುವೆಯಾದರೆ ನನ್ನ ತಾತ ಅದನ್ನು ಕೆಳಗಿಳಿಸುತ್ತಿದ್ದರು. ಕೊಳಗದ ತುಂಬ ನೀರು, ನೀರಿನ ಮೇಲೆ ಬರಿದು ಬಟ್ಟಲು. ತೂತಿನಿಂದ ನೀರು ಎಳೆಯಾಗಿ ಮೇಲೇಳುತ್ತದೆ, ಬಟ್ಟಲು ನಿಧಾನಕ್ಕೆ ತೂಕ ಹಿಡಿಯುತ್ತದೆ, ಅಂಚು ನೀರಿಗೆ ಸಮನಾಗಿ ಒಂದು ಕ್ಷಣ ನಿಂತಂತೆ ಮಾಡಿ ಗುಳುಕ್ ಅಂತ ಮುಳುಗುತ್ತದೆ. ಅಲ್ಲಿಗೆ ಒಂದು ಗಳಿಗೆ. ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ಮುಹೂರ್ತಕ್ಕೆ ಎಷ್ಟು ಗಳಿಗೆ ಬೇಕೋ ಅಷ್ಟು ಸಲ ತೇಲಿಬಿಡುವುದು, ಒಂದೊಂದಕ್ಕೂ ಒಂದೊಂದು ಅಡಿಕೆ ಎತ್ತಿಡುವುದು. ಕಾಯಲು ಕೂತವನು ಮಾತಾಡುವ ಹಾಗಿಲ್ಲ, ಏಳುವ ಹಾಗಿಲ್ಲ. ಬಟ್ಟಲನ್ನು ಬೆರಳಲ್ಲಿ ಮುಟ್ಟಿದನೋ, ಲೆಕ್ಕ ಕೆಟ್ಟು ತಾಳಿ ಕಟ್ಟುವ ಹೊತ್ತೇ ತಪ್ಪುತ್ತದೆ. ಹತ್ತು ವರ್ಷದವನಿದ್ದಾಗ ನಾನು ಕುತೂಹಲಕ್ಕೆ ಮುಟ್ಟಿ ಕಪಾಳಕ್ಕೆ ತಿಂದಿದ್ದೇನೆ.

1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಸಿರಿಲ್ಲೊ ಅನ್ನುವ ವಿದ್ಯಾರ್ಥಿಯೂ ನಿನ್ನ ಹಾಗೇ ಓದಲಾರದೆ ಒದ್ದಾಡುತ್ತಿದ್ದ. ಅಡುಗೆಮನೆಯಲ್ಲಿದ್ದ ಟೊಮೆಟೊ ಆಕಾರದ ಟೈಮರನ್ನು ತಿರುಗಿಸಿಟ್ಟು, ಅದು ಕಿರ್ರೆನ್ನುವ ತನಕ ಮಾತ್ರ ಓದುತ್ತೇನೆ ಅಂತ ಕೂತ. ಕೊನೆಗೆ ಅವನು ನಿಂತದ್ದು 25 ನಿಮಿಷಕ್ಕೆ. ನಮ್ಮ ಗಳಿಗೆಗೂ ಅದಕ್ಕೂ ಒಂದೇ ನಿಮಿಷದ ಅಂತರ. ಹಾಗಂತ 'ಇದನ್ನು ನಮ್ಮ ಪೂರ್ವಿಕರು ಮೊದಲೇ ಕಂಡುಹಿಡಿದಿದ್ದರು' ಅಂತ ವಾಟ್ಸಾಪ್‌ನಲ್ಲಿ ಹಂಚಬೇಡ. ನಮ್ಮ ಮನೆಯವರು ಬಟ್ಟಲು ತೇಲಿಬಿಟ್ಟದ್ದು ಮದುವೆಗೆ, ಓದುವುದಕ್ಕಲ್ಲ.

ನಿನ್ನ ಎರಡೂವರೆ ಗಂಟೆ ಅಂದರೆ ಆರು ಗಳಿಗೆ. ಬೆಳಿಗ್ಗೆ ಒಂದು, ಸಂಜೆ ಮೂರು, ಊಟದ ಮೇಲೆ ಒಂದು. ಆಯಿತು ಐದು. ಆರನೆಯದನ್ನು ಬೇಕಂತಲೇ ಖಾಲಿ ಬಿಡು, ನೆಂಟರು ಬರುತ್ತಾರೆ, ಕರೆಂಟು ಹೋಗುತ್ತದೆ, ಕರು ಹಗ್ಗ ಕಿತ್ತುಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿ ಗಣಿತದ ಪತ್ರಿಕೆಗೆ ಪರೀಕ್ಷಾ ಮಂಡಳಿಯವರು ಕೊಡುವ 3 ಗಂಟೆ 15 ನಿಮಿಷವೂ ಹತ್ತಿರ ಹತ್ತಿರ ಎಂಟು ಗಳಿಗೆಯೇ. ಎಂಬತ್ತು ಅಂಕದ ಹಣೆಬರಹ ಎಂಟು ಗಳಿಗೆಯಲ್ಲಿ ಬರೆಯಬಹುದು ಅಂದಮೇಲೆ, ದಿನಕ್ಕೆ ಐದು ಗಳಿಗೆಯನ್ನು ಕಡಿಮೆ ಅನ್ನಬೇಡ.

ಆದರೆ ಗಳಿಗೆಯೊಳಗೆ ಏನು ಮಾಡುತ್ತೀಯ ಅನ್ನುವುದೇ ನನ್ನ ತಕರಾರು. ಶನಿವಾರ ಸಂಜೆ ನೀನು ಥೇಲ್ಸ್ ಪ್ರಮೇಯ ಓದುತ್ತಿದ್ದೆ. ನಾನು ಪೇಪರು ಓದುವ ಹಾಗೆ ನಟಿಸುತ್ತಾ ಕೇಳಿಸಿಕೊಂಡೆ. ಏಳು ಸಲ ಓದಿದೆ. ಏಳನೆಯ ಸಲ ಬಾಯಿಪಾಠವಾಗಿ ರೈಲಿನ ಹಾಗೆ ಓಡಿತು. ಪುಸ್ತಕ ಮುಚ್ಚಿ ಹೇಳು ಅಂದರೆ ತ್ರಿಭುಜ ಬರೆದೆ, ಒಳಗೆ ತಳಕ್ಕೆ ಸಮಾಂತರವಾಗಿ ಡಿಇ ಗೆರೆ ಎಳೆದೆ, ಬಿಇ, ಸಿಡಿ ಸೇರಿಸಿದೆ, ಎಡಿಇ ಮತ್ತು ಬಿಡಿಇ ತ್ರಿಭುಜಗಳ ವಿಸ್ತೀರ್ಣದ ಅನುಪಾತ ಎಡಿ ಬಿಡಿ ಅನುಪಾತವೇ ಅಂದೆ. ಆ ಕಡೆಯದನ್ನೂ ಅಂದೆ. ಅಲ್ಲಿ ನಿಂತುಹೋದೆ. ಬಿಡಿಇ, ಸಿಡಿಇ ಎರಡರ ವಿಸ್ತೀರ್ಣ ಸಮ ಅಂತ ಗೊತ್ತು, ಯಾಕೆ ಸಮ ಅಂತ ಗೊತ್ತಿಲ್ಲ. ಎರಡಕ್ಕೂ ಪಾದ ಡಿಇ, ಎರಡೂ ಒಂದೇ ಜೋಡಿ ಸಮಾಂತರ ರೇಖೆಗಳ ನಡುವೆ ಕೂತಿವೆ, ಎತ್ತರ ಒಂದೇ. ಇಡೀ ಪ್ರಮೇಯದ ಜೀವ ಇರುವುದು ಆ ಒಂದು ಸಾಲಿನಲ್ಲಿ. ಏಳು ಸಲವೂ ನಾಲಿಗೆ ಅದರ ಮೇಲೆ ಜಾರಿಕೊಂಡು ಹೋಗಿತ್ತು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ತಡವರಿಸಿದಾಗ ನಿನ್ನ ಮುಖ ಸಪ್ಪಗಾಯಿತು. ನನಗೆ ಮಾತ್ರ ಖುಷಿಯಾಗಿತ್ತು, ಯಾಕೆಂದರೆ ನೀನು ನಿಜವಾಗಿ ಕಲಿತ ಗಳಿಗೆ ಅದೊಂದೇ. ಆ ಸಾಲು ಇನ್ನು ನೀನು ಮರೆಯುವುದಿಲ್ಲ, ಬೇಕಾದರೆ ಈಗ ಹೇಳಿನೋಡು.

ಅಮೆರಿಕದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದು ಪಾಠವನ್ನು ಒಂದೇ ಸಲ ಓದಿಸಿ, ಹಾಳೆ ಕಿತ್ತುಕೊಂಡು, ನೆನಪಿದ್ದದ್ದನ್ನು ಬರೆಯಿರಿ ಅಂದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ ಪಾಠವೇ ಮುಂದೆ, 81ಕ್ಕೆ 75. ಒಂದು ವಾರ ಬಿಟ್ಟು ಕೇಳಿದಾಗ ತಿರುಗುಮುರುಗು. ಬರೀ ಓದಿ ಓದಿ ಕಲಿತದ್ದರಲ್ಲಿ ಉಳಿದದ್ದು ನೂರಕ್ಕೆ 42, ಮುಚ್ಚಿ ಬರೆದದ್ದರಲ್ಲಿ 56. ನಿನಗೆ ಓದಿದ ರಾತ್ರಿ ಎಲ್ಲ ಬಂದಂತಾಗಿ, ಟೆಸ್ಟಿನ ದಿನ ಕೈಕೊಡುವುದು ಯಾಕೆ ಅಂತ ಗೊತ್ತಾಯಿತಾ? ಪುಸ್ತಕ ತೆರೆದಿದ್ದಾಗ ಬರುವ ಧೈರ್ಯ ಪುಸ್ತಕದ್ದು, ನಿನ್ನದಲ್ಲ.

ಹಾಗಾಗಿ ಬಟ್ಟಲು ಅರ್ಧ ಮುಳುಗುವ ತನಕ ಓದು. ಆಮೇಲೆ ಪುಸ್ತಕ ಮುಚ್ಚಿ ಹಿಂಬದಿಗೆ ಇಟ್ಟುಬಿಡು, ಖಾಲಿ ಹಾಳೆಯ ಮೇಲೆ ಬರೆ. ತಪ್ಪು ಬರೆ, ಪರವಾಗಿಲ್ಲ. ಎಲ್ಲಿ ನಿಂತೆಯೋ ಅಲ್ಲೊಂದು ಸುತ್ತು ಹಾಕು. ಮಾರನೆಯ ದಿನದ ಮೊದಲ ಗಳಿಗೆ ಆ ಸುತ್ತಿನಿಂದಲೇ ಶುರುವಾಗಲಿ.

ಬಸ್ಸನ್ನು ಲೆಕ್ಕಕ್ಕೆ ಸೇರಿಸಲಿಲ್ಲ ಅಂತ ಕೇಳಬಹುದು. 2023ರ ಜೂನಿನಲ್ಲಿ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ನಿಮ್ಮ ಬಸ್ಸಿನಲ್ಲಿ ಪುಸ್ತಕವಿರಲಿ, ಮೊಣಕೈ ಬಿಡಿಸುವುದೂ ಕಷ್ಟ ಅಂತ ನೀನೇ ಹೇಳಿದ್ದೆ. (ನಿನ್ನಜ್ಜಿ ಅದರಲ್ಲೇ ಧರ್ಮಸ್ಥಳಕ್ಕೆ ಹೋಗಿಬಂದಳು, ಬೈಯುವಂತಿಲ್ಲ.) ಆದರೆ ಮುಚ್ಚಿದ ಪುಸ್ತಕಕ್ಕೆ ಜಾಗ ಬೇಡವಲ್ಲ. ಕಂಬಿ ಹಿಡಿದು ನಿಂತು ರಕ್ತದ ಜೊತೆ ಒಂದು ಸುತ್ತು ಹೋಗಿ ಬಾ. ಬಲ ಹೃತ್ಕರ್ಣದಲ್ಲಿ ಹತ್ತು, ಬಲ ಹೃತ್ಕುಕ್ಷಿಗೆ ಇಳಿ, ಶ್ವಾಸಕೋಶದಲ್ಲಿ ಗಾಳಿ ಕುಡಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿಯಲ್ಲಿ ಹೊರಗೆ. ಎಲ್ಲಿ ದಾರಿ ತಪ್ಪಿತೋ ಸ್ಕೂಲಿಗೆ ಹೋಗಿ ನೋಡಿಕೋ. ಗೆಳತಿಯರ ಜೊತೆ ಹರಟೆ ಇದ್ದ ದಿನ ಇದನ್ನೂ ಬಿಡು. ಹರಟೆ ಬೇಕು.

ಇನ್ನು ಎರಡನೆಯ ದೂರು, ಮನಸ್ಸು ಬರುವುದಿಲ್ಲ ಅನ್ನುವುದು. ಅದಕ್ಕಂತ ನೀನು ಮೊಬೈಲಿನಲ್ಲಿ ನೋಡುವ ಸ್ಫೂರ್ತಿಯ ವಿಡಿಯೋಗಳನ್ನು ನಾನೂ ಪಕ್ಕದಲ್ಲಿ ಕೂತು ನೋಡಿದೆ. ಒಬ್ಬ ಕೂಗಾಡುತ್ತಾನೆ, ಹಿಂದೆ ಡೋಲು ಮೊಳಗುತ್ತದೆ. ಅದು ಮುಗಿದ ಮೇಲೆ ನೀನು ಓದಲು ಕೂರಲಿಲ್ಲ, ಇನ್ನೊಂದು ಹಾಕಿದೆ. ನೀನು ದಿನಾ ಹಾಲು ಕರೆಯುವವಳು, ನಿನಗೆ ನಾನೇನು ಹೇಳಲಿ? ಹಸುವಿನ ಮುಂದೆ ಚೆಂಬು ಹಿಡಿದು ನಿಂತ ತಕ್ಷಣ ಹಾಲು ಬರುತ್ತದಾ? ಕರು ಬಿಡುತ್ತೀಯ, ಅದು ಕೆಚ್ಚಲು ಗುದ್ದುತ್ತದೆ. ಮೊದಲು ಬರೀ ಒಣ ಎಳೆತ. ಹಸು ಬಾಲ ಬೀಸುತ್ತದೆ, ಕಾಲು ಎತ್ತುತ್ತದೆ. ಆಮೇಲೆ ಎಲ್ಲಿತ್ತೋ, ಹಾಲು ಇಳಿಯುತ್ತದೆ. ಹಾಲು ಇಳಿದ ಮೇಲೆ ಕರು ಬಿಡುತ್ತೇನೆ ಅಂತ ಯಾರೂ ಕಾಯುವುದಿಲ್ಲ. ಓದಿನ ಮೊದಲ ಐದು ನಿಮಿಷವೂ ಒಣ ಎಳೆತವೇ, ನನಗೆ ಈ ವಯಸ್ಸಿನಲ್ಲೂ. ಅದನ್ನು 'ಮನಸ್ಸಿಲ್ಲ' ಅಂತ ತಪ್ಪು ತಿಳಿದು ಎದ್ದುಬಿಡುತ್ತೀಯ ಅಷ್ಟೆ.

ಮೊಬೈಲು ಗಳಿಗೆಯ ಹೊತ್ತಿನಲ್ಲಿ ನಿಮ್ಮಮ್ಮನ ಹತ್ತಿರ ಇರಲಿ. ಮೇಷ್ಟ್ರು ಗ್ರೂಪಿನಲ್ಲಿ ಹಾಕುವ ಹೋಂವರ್ಕನ್ನು ಮೊದಲೇ ಬರೆದುಕೋ. ಇದರ ಬಗ್ಗೆ ಇನ್ನು ಮಾತಿಲ್ಲ, ನಿನಗೇ ಗೊತ್ತಿದೆ.

ನಿದ್ದೆಯ ವಿಚಾರಕ್ಕೆ ಬಂದರೆ ನನ್ನದೊಂದು ಗುಟ್ಟು ಹೇಳಬೇಕು, ನಿಮ್ಮಮ್ಮನಿಗೂ ಹೇಳಿದವನಲ್ಲ. ನಾನು ಎಸ್ಸೆಸ್ಸೆಲ್ಸಿ ಬರೆದಾಗ ಗಣಿತದ ಹಿಂದಿನ ರಾತ್ರಿ ಲಾಟೀನು ಇಟ್ಟುಕೊಂಡು ಕೋಳಿ ಕೂಗುವ ತನಕ ಓದಿದೆ. ನಿದ್ದೆ ಬಂದರೆ ಕಣ್ಣಿಗೆ ತಣ್ಣೀರು. ಪರೀಕ್ಷೆಯಲ್ಲಿ ಪ್ರಮೇಯದ ಚಿತ್ರ ಚಂದವಾಗಿ ಬರೆದೆ, ಕೆಳಗೆ 'ಸಾಧನೆ' ಅಂತ ಬರೆದು ಅಡಿಗೆರೆ ಎಳೆದೆ, ಆಮೇಲೆ ಏನೂ ಇಲ್ಲ. ತಲೆಯೊಳಗೆ ಲಾಟೀನಿನ ಮಸಿ. ಮುಂದೆ ಗಣಿತದ ಮೇಷ್ಟ್ರಾದವನಿಗೆ ಗಣಿತದಲ್ಲಿ ಬಂದದ್ದು 41. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿದೆ. ಐದೂವರೆಗೆ ಏಳುವವಳು ಒಂಬತ್ತೂವರೆಗೆ ಮಲಗಿದರೆ ಬರೋಬ್ಬರಿ ಎಂಟು. ನಾಲ್ಕೂವರೆಗೆ ಏಳುವ ಶೌರ್ಯ ಬೇಡ.

ಈ ಪ್ಯಾರಾವನ್ನು ನಿಮ್ಮಮ್ಮನಿಗೆ ಓದಿ ಹೇಳು. ಮಗಳೇ, ನಿನ್ನ ಮನೆಯಲ್ಲಿ ಬೆಳಗಿನ ಪಾತ್ರೆ ಪುಟ್ಟಿಯದು, ಕಸ ಪುಟ್ಟಿಯದು, ಸಂಜೆ ಡೈರಿಯೂ ಪುಟ್ಟಿಯದೇ. ಎಂಟನೇ ಕ್ಲಾಸಿನ ಗಂಡುಮಗ ಏಳೂವರೆ ತನಕ ಮಲಗಿ, ಸಂಜೆ ಕ್ರಿಕೆಟ್ಟಿಗೆ ಹೋಗುತ್ತಾನೆ. ಡೈರಿಗೆ ಹೋಗಿಬರಲು ಅರ್ಧ ಗಂಟೆ, ಒಂದು ಗಳಿಗೆಗಿಂತ ಹೆಚ್ಚು. ಕ್ಯಾನು ಹೊರುವುದಕ್ಕೆ ಅವನಿಗೆ ಕೈ ಇಲ್ಲವೇ? ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ನಾನೂ ಹೀಗೇ ಮಾಡಿದ್ದೆ, ನಿನ್ನ ತಮ್ಮನನ್ನು ಓದಲು ಕೂರಿಸಿ ನಿನ್ನನ್ನು ನೀರಿಗೆ ಕಳಿಸಿದೆ. ನೀನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ. ಮಕ್ಕಳಿಗೆ ಹೊತ್ತು ಹೊಂದಿಸಿಕೊಳ್ಳಿ ಅಂತ ಉಪದೇಶ ಮಾಡುವ ನಾವು, ಅವರ ಹೊತ್ತನ್ನು ಯಾರು ತಿನ್ನುತ್ತಿದ್ದಾರೆ ಅಂತ ನೋಡಿಕೊಳ್ಳುವುದಿಲ್ಲ.

ಪುಟ್ಟಿ, ಅಂಕದ ಮಾತು ಬೇಕಂತಲೇ ಎತ್ತಲಿಲ್ಲ. 625ಕ್ಕೆ ಎಷ್ಟು ಬರಬೇಕು ಅಂತ ಕೇಳುವವರು ನಿನಗೆ ಬೇಕಾದಷ್ಟು ಜನ ಇದ್ದಾರೆ. ನಾನು ಫೋನ್ ಮಾಡಿದಾಗ ಇವತ್ತು ಎಷ್ಟು ಸಲ ಬಟ್ಟಲು ಮುಳುಗಿತು ಅಂತ ಮಾತ್ರ ಕೇಳುತ್ತೇನೆ. ಎರಡೇ ಅಂದರೂ ಸರಿ, ಸುಳ್ಳು ಹೇಳಬೇಡ.

ಭಾನುವಾರ ನಿನ್ನ ಮಾವ ಆ ಕಡೆ ಬರುತ್ತಾನೆ, ಬಟ್ಟಲು ಕೊಟ್ಟು ಕಳಿಸುತ್ತೇನೆ. ಹುಣಸೆಹಣ್ಣು ಹಾಕಿ ಉಜ್ಜಿದ್ದೇನೆ, ಆದರೂ ನಿಮ್ಮ ಬೋರ್‌ವೆಲ್ ನೀರಿಗೆ ತೂತಿನಲ್ಲಿ ಬಿಳೀ ಉಪ್ಪು ಕಟ್ಟಿಕೊಳ್ಳುತ್ತದೆ. ವಾರಕ್ಕೊಂದು ಸಲ ತೆಂಗಿನ ಕಡ್ಡಿಯಿಂದ ಬಿಡಿಸು. ಪಿನ್ನು, ಮೊಳೆ ಹಾಕಬೇಡ, ತೂತು ದೊಡ್ಡದಾಗುತ್ತದೆ. ನಿನ್ನೆ ಗಡಿಯಾರ ಇಟ್ಟು ನೋಡಿದೆ, 26 ನಿಮಿಷ ತೆಗೆದುಕೊಂಡಿತು. ಹಳೆಯದಾಯಿತು ನೋಡು, ಒಂದೆರಡು ನಿಮಿಷ ಹೆಚ್ಚೇ ಕೂರಿಸುತ್ತದೆ.

ನಿನ್ನ ತಾತ