ಮಾಡಿನ ಎಸ್ಟಿಮೇಟ್: ಮುಂಗಡ ಕೊಡುವ ಮುನ್ನ ತಿಳಿದಿರಬೇಕಾದ ಕಾನೂನು

ಕರಾವಳಿ, ಮಲೆನಾಡಿನಲ್ಲಿ ಹಳೆಯ ಹಂಚಿನ ಮಾಡು ಇಳಿಸಿ ಹೊಸ ಹಂಚೋ ಶೀಟೋ ಹಾಕಿಸುವ ಕೆಲಸ ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ಆ ಅವಸರದಲ್ಲಿ ಎಷ್ಟೋ ಮಂದಿ ಎರಡು ಮೂರು ಎಸ್ಟಿಮೇಟ್ ತರಿಸಿ, ಕಡಿಮೆ ಮೊತ್ತದ್ದಕ್ಕೆ ಬಾಯಿಮಾತಿನಲ್ಲೇ ಒಪ್ಪಿ ಮುಂಗಡ ಕೊಟ್ಟುಬಿಡುತ್ತಾರೆ. ಜೂನ್‌ನಲ್ಲಿ ಮಾಡು ಸೋರಿದಾಗ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಸರಿಯಾಗಿ ಬರೆಸಿಕೊಂಡ ಎಸ್ಟಿಮೇಟೇ ಮುಂದೆ ನಿಮ್ಮ ಸಾಕ್ಷಿ.

ಯಾವ ಚದರಡಿ?

ದರ ಹೋಲಿಸುವ ಮುನ್ನ ಅಳತೆ ಹೋಲಿಸಿ. ಮಾಡು ಆವರಿಸುವ ನೆಲ 1,000 ಚದರಡಿ ಇದ್ದು ಇಳಿಜಾರು 30 ಡಿಗ್ರಿಯಿದ್ದರೆ, ಮಾಡಿನ ಮೇಲ್ಮೈ ಸುಮಾರು 1,155 ಚದರಡಿ. ಒಬ್ಬರು ನೆಲದ ಲೆಕ್ಕದಲ್ಲಿ ಚದರಡಿಗೆ 200 ರೂಪಾಯಿ ಹೇಳಿದರೆ ಒಟ್ಟು 2,00,000. ಇನ್ನೊಬ್ಬರು ಇಳಿಜಾರಿನ ಲೆಕ್ಕದಲ್ಲಿ 180 ಹೇಳಿದರೆ 2,07,900. ದರ ಕಡಿಮೆ, ಬಿಲ್ಲು ಜಾಸ್ತಿ!

ಬರವಣಿಗೆಯಲ್ಲಿ ಇರಬೇಕಾದದ್ದು

- ರೀಪು, ಪಕ್ಕಾಸುಗಳಲ್ಲಿ ಎಷ್ಟು ಬದಲಾಗುತ್ತವೆ, ಯಾವ ಮರ. ಶೀಟಾದರೆ ಕಂಪನಿ ಮತ್ತು ದಪ್ಪ. ಆ ದಪ್ಪ ಲೇಪನ ಸೇರಿಸಿಯೋ, ಬರೀ ಲೋಹದ್ದೋ ಎಂಬುದೂ ಬೇಕು.
- ಇಳಿಸಿದ ಹಂಚು, ಮರ ಯಾರ ಪಾಲು. ಗುತ್ತಿಗೆದಾರರೇ ಒಯ್ಯುವುದಾದರೆ ಬಿಲ್ಲಿನಲ್ಲಿ ಎಷ್ಟು ಕಡಿತ ಮಾಡುತ್ತಾರೆ.
- ಕೆಲಸ ಮುಗಿದಷ್ಟೂ ಕಂತು. ಕೊನೆಯ ಕಂತು ಪರಿಶೀಲನೆಯ ನಂತರ.
- ಮುಗಿಸುವ ದಿನಾಂಕ, ಸೋರಿದರೆ ಎಷ್ಟು ಕಾಲ ಉಚಿತ ದುರಸ್ತಿ.
- ಹೆಚ್ಚುವರಿ ಕೆಲಸಕ್ಕೆ ನಿಮ್ಮ ಲಿಖಿತ ಒಪ್ಪಿಗೆ.

ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. ನೋಂದಣಿ ಇಲ್ಲದವರು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಬಿಲ್ಲಿನಲ್ಲಿರುವ 15 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಹಣವನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ. ನಗದು ಕೊಟ್ಟರೆ ರಸೀದಿ ಬಿಡಬೇಡಿ.

ಕೆಲಸ ಕೆಟ್ಟರೆ

ಹಣ ಪಡೆದು ಮಾಡಿದ ಕೆಲಸ ಮಾತಿನಂತೆ ಇಲ್ಲದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅದು ಸೇವಾ ನ್ಯೂನತೆ. ಗಾಬರಿಯಲ್ಲಿ ಬೇರೆಯವರಿಂದ ರಿಪೇರಿ ಮಾಡಿಸಿದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಮೊದಲು ಸೋರುವ ಜಾಗದ ಫೋಟೊ, ವಿಡಿಯೊ ತೆಗೆದು, ಸಾಧ್ಯವಾದರೆ ಎಂಜಿನಿಯರ್ ಒಬ್ಬರಿಂದ ವರದಿ ಪಡೆಯಿರಿ. ಸರಿಪಡಿಸಲು ಗಡುವು ಕೊಟ್ಟು ಗುತ್ತಿಗೆದಾರರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಅಥವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ನೀವು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಕೆಲಸಕ್ಕೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ದಾಖಲಾಗಬೇಕು. ವಕೀಲರ ನೆರವು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ; ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಸಹಾಯವಾಣಿ 15100.

ಇಷ್ಟೆಲ್ಲ ಬರೆದು ಸಹಿ ಹಾಕಲು ಒಪ್ಪದ ಗುತ್ತಿಗೆದಾರರು ಎಷ್ಟೇ ಕಡಿಮೆ ದರ ಹೇಳಿದರೂ ಮುಂಗಡ ಕೊಡಬೇಡಿ.