ಹಗ್ಗದ ಹುರಿ ಮತ್ತು ಕಾಯಕದ ಶುಚಿ

ಗೃಹಸ್ಥನ ದಿನಚರಿಯಲ್ಲಿ ದುಡಿಮೆಗೆ ಒಂದು ಹೊತ್ತು, ಪೂಜೆಗೆ ಒಂದು ಹೊತ್ತು, ವಿಶ್ರಾಂತಿಗೆ ಒಂದು ಹೊತ್ತು ಮೀಸಲಾಗಿರುವುದು ಸಹಜ. ಇವುಗಳ ನಡುವೆ ಯಾವ ಲೆಕ್ಕಕ್ಕೂ ಸೇರದ ಕೆಲವು ಬಿಡುವಿನ ಗಳಿಗೆಗಳು ಉಳಿಯುತ್ತವೆ. ಸಂಜೆ ದೀಪ ಹಚ್ಚಿದ ಮೇಲೆ ಊಟದವರೆಗಿನ ಸಮಯ, ಮಳೆ ಹಿಡಿದ ದಿನದ ಮಧ್ಯಾಹ್ನ, ಸುಗ್ಗಿ ಮುಗಿದು ಮುಂಗಾರಿಗಾಗಿ ಕಾಯುವ ದಿನಗಳು, ಇವೆಲ್ಲ ಅಂಥವು. ಹಿಂದೆ ಇಂಥ ಸಮಯದಲ್ಲಿ ಮನೆಯ ಹಿರಿಯರು ಪಡಸಾಲೆಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ಮಾತೂ ನಡೆಯುತ್ತಿತ್ತು, ಕೈಯೂ ನಡೆಯುತ್ತಿತ್ತು. ಎತ್ತಿನ ಕಣ್ಣಿ, ಬಾವಿಯ ಹಗ್ಗ, ತೊಟ್ಟಿಲ ಹಗ್ಗ, ಹೊರೆ ಕಟ್ಟುವ ಮಿಣಿ ಎಲ್ಲವೂ ಮನೆಯಲ್ಲಿಯೇ ಸಿದ್ಧವಾಗುತ್ತಿದ್ದವು. ಇಂದು ಅಂಗಡಿಯಲ್ಲಿ ನೈಲಾನ್ ಹಗ್ಗ ದೊರೆಯುತ್ತದೆ. ಬಿಡುವಿನ ಗಳಿಗೆಗಳು ಅಂಗೈಯಲ್ಲಿ ಹಿಡಿದ ದೂರವಾಣಿಯನ್ನು ನೋಡುವುದರಲ್ಲಿ ಕಳೆದುಹೋಗುತ್ತವೆ. ಹೊಸೆಯುವ ಕೈಗಳು ಕಡಿಮೆಯಾದವು. ಅದರೊಡನೆ ಆ ಕೈಗಳು ಕಲಿಸುತ್ತಿದ್ದ ಒಂದು ಪಾಠವೂ ಮರೆಯಾಗುತ್ತ ಬಂದಿದೆ. ಆ ಪಾಠವೇನೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನುಲಿಯ ಚಂದಯ್ಯನ ನಿದರ್ಶನ

ಹನ್ನೆರಡನೆಯ ಶತಮಾನದ ಶರಣರಲ್ಲಿ ಅನೇಕರು ತಮ್ಮ ಕಾಯಕದ ಹೆಸರಿನಿಂದಲೇ ಪ್ರಸಿದ್ಧರಾಗಿರುವರು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಕದಿರ ರೆಮ್ಮವ್ವೆ ಎಂಬ ನಾಮಗಳೇ ಇದಕ್ಕೆ ಸಾಕ್ಷಿ. ಕುಲವನ್ನು ಮುಂದಿಟ್ಟು ಹೆಸರು ಹೇಳುತ್ತಿದ್ದ ಕಾಲದಲ್ಲಿ ಕೈಯ ಕೆಲಸವನ್ನು ಮುಂದಿಟ್ಟು ಹೆಸರು ಹೇಳಿಕೊಂಡುದು ಸಾಮಾನ್ಯ ಸಂಗತಿಯಲ್ಲ. ಈ ಸಾಲಿಗೆ ಸೇರಿದವನೇ ನುಲಿಯ ಚಂದಯ್ಯ. ನುಲಿ ಎಂದರೆ ಹೊಸೆಯುವುದು. ಹೊಸೆದ ಹುರಿಗೂ ಅದೇ ಹೆಸರು. ಚಂದಯ್ಯನು ಕೆರೆಯಂಗಳದಲ್ಲಿ ಬೆಳೆದ ಹುಲ್ಲನ್ನು ಕೊಯ್ದು ತಂದು, ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸುತ್ತಿದ್ದನು. ಅವನ ವಚನಗಳ ಅಂಕಿತ ಚಂದೇಶ್ವರಲಿಂಗ.

ಅವನ ಕಥೆ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಒಂದು ದಿನ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗವು ಕಳಚಿ ನೀರಿಗೆ ಬಿದ್ದಿತು. ಚಂದಯ್ಯನು ಅದನ್ನೆತ್ತಿಕೊಳ್ಳದೆ ಹುಲ್ಲಿನ ಹೊರೆಯನ್ನು ಹೊತ್ತು ನಡೆದನು. ಲಿಂಗವೇ ಅವನನ್ನು ಹಿಂಬಾಲಿಸಿತು. ಮಡಿವಾಳ ಮಾಚಿದೇವನು ನಡುವೆ ನಿಂತು ಸಂಧಾನ ಮಾಡಬೇಕಾಯಿತು. ಕಡೆಗೆ ಲಿಂಗದೇವನೂ ಕಾಯಕಕ್ಕೆ ಒಪ್ಪಿ, ಚಂದಯ್ಯ ಹೊಸೆದ ಹಗ್ಗವನ್ನು ಮಾರಿಕೊಂಡು ಬರುವ ಕೆಲಸವನ್ನು ವಹಿಸಿಕೊಂಡನೆಂದು ಕಥೆ. ಹಗ್ಗದ ನಿಜವಾದ ಬೆಲೆಗಿಂತ ಹೆಚ್ಚು ಹಣ ಬಂದಾಗ ಚಂದಯ್ಯನು ಅದನ್ನು ಮೆಚ್ಚಲಿಲ್ಲವೆಂದೂ ಹೇಳುವರು.

ಲಿಂಗನಿಷ್ಠೆಯನ್ನು ಕಡೆಗಣಿಸಲು ಈ ಕಥೆ ಆಧಾರವಾಗದು. ಕಾಯಕದ ಕಟ್ಟಿಗೆ ಯಾರೂ ಹೊರತಲ್ಲ, ದೇವನೂ ಹೊರತಲ್ಲ ಎಂಬ ದೃಢತೆಯನ್ನು ಅದು ತೋರಿಸುತ್ತದೆ. ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹುಲ್ಲಿನ ಹಗ್ಗದಂಥ ಅಲ್ಪ ವಸ್ತುವಿನಲ್ಲಿ ಇಷ್ಟೊಂದು ಮಹತ್ವ ಹೇಗೆ ಅಡಗಿತು? ಉತ್ತರವನ್ನು ಕಥೆಯಲ್ಲಿ ಹುಡುಕುವುದಕ್ಕಿಂತ ಹಗ್ಗದಲ್ಲಿಯೇ ಹುಡುಕುವುದು ಲೇಸು.

ಹಗ್ಗವನ್ನು ಹೊಸೆಯುವ ಬಗೆ

ಹಗ್ಗ ಹೊಸೆಯಲು ಕಲಿಯುವವನು ಮೊದಲು ನಾರನ್ನು ಅರಿಯಬೇಕು. ಹೊಲದ ಅಂಚಿನಲ್ಲಿ ಬೆಳೆಯುವ ಪುಂಡಿಯನ್ನು ಕೊಯ್ದು, ಕಟ್ಟು ಕಟ್ಟಿ, ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿಡುವರು. ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ದಿನ ಅದು ನೆನೆಯಬೇಕು. ಬೇಗ ತೆಗೆದರೆ ನಾರು ಕಡ್ಡಿಯನ್ನು ಬಿಡದು. ತಡವಾದರೆ ನಾರೇ ಕೊಳೆತು ಬಲಗೆಡುವುದು. ಹದವನ್ನು ಬೆರಳೇ ಹೇಳಬೇಕು. ಹದವಾದ ಮೇಲೆ ಸಿಪ್ಪೆ ಸುಲಿದು, ಬಡಿದು ತೊಳೆದು, ಬಿಸಿಲಿನಲ್ಲಿ ಒಣಗಿಸಿದರೆ ನಾರು ಸಿದ್ಧ. ಕತ್ತಾಳೆ ಮತ್ತು ಸೆಣಬುಗಳೂ ಇದಕ್ಕೆ ಒದಗುತ್ತವೆ. ಕರಾವಳಿಯಲ್ಲಿ ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು ನಾರು ತೆಗೆಯುವ ಪದ್ಧತಿಯಿದೆ. ವಸ್ತು ಬೇರೆಯಾದರೂ ತಾಳ್ಮೆ ಒಂದೇ.

ಹೊಸೆಯುವ ಕ್ರಮವು ಕೇಳಲು ಸುಲಭ. ಸ್ವಲ್ಪ ತೇವ ಮಾಡಿದ ನಾರಿನ ಎಳೆಯೊಂದನ್ನು ಸರಿಯಾಗಿ ನಡುವಿಗೆ ಮಡಿಸದೆ, ಒಂದು ತುದಿ ಉದ್ದ ಇನ್ನೊಂದು ಗಿಡ್ಡವಾಗುವಂತೆ ಮಡಿಸಬೇಕು. ಮಡಿಕೆಯನ್ನು ಎಡಗೈಯಲ್ಲಿ ಹಿಡಿದು, ಬಲಬದಿಯ ಎಳೆಯನ್ನು ಬಲಕ್ಕೆ ತಿರುಚಬೇಕು. ತಿರುಚಿದ ಆ ಎಳೆಯನ್ನು ಎಡದ ಎಳೆಯ ಮೇಲಿನಿಂದ ಎಡಕ್ಕೆ ದಾಟಿಸಬೇಕು. ಈಗ ಎಡದಲ್ಲಿದ್ದುದು ಬಲಕ್ಕೆ ಬಂದಿರುತ್ತದೆ. ಅದನ್ನೂ ಬಲಕ್ಕೆ ತಿರುಚಿ ಎಡಕ್ಕೆ ದಾಟಿಸಬೇಕು. ತಿರುಚುವುದು ಒಂದು ದಿಕ್ಕಿಗೆ, ದಾಟಿಸುವುದು ಅದರ ಎದುರು ದಿಕ್ಕಿಗೆ. ಹಗ್ಗದ ಗುಟ್ಟೆಲ್ಲ ಇದರಲ್ಲಿಯೇ ಇದೆ. ಪ್ರತಿಯೊಂದು ಎಳೆಯೂ ತನ್ನ ಹುರಿಯನ್ನು ಬಿಚ್ಚಿಕೊಳ್ಳಲು ಹವಣಿಸುತ್ತದೆ. ಕೂಡಿದ ಎರಡು ಎಳೆಗಳು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಬಿಚ್ಚಿಕೊಳ್ಳಲು ಹವಣಿಸುತ್ತವೆ. ಒಂದರ ಎಳೆತವನ್ನು ಇನ್ನೊಂದು ತಡೆಯುವುದರಿಂದ ಹುರಿ ನಿಲ್ಲುತ್ತದೆ. ಹಗ್ಗವನ್ನು ಜಗ್ಗಿದಷ್ಟೂ ನಾರುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಒಂದೊಂದು ನಾರು ಎರಡು ಮೂರು ಮೊಳಕ್ಕಿಂತ ಉದ್ದವಿರದಿದ್ದರೂ ನೂರು ಮೊಳದ ಹಗ್ಗವಾಗುವುದು ಈ ಹಿಡಿತದಿಂದಲೇ. ಹುರಿಗಟ್ಟಿದ ದೇಹ, ಹುರಿಗೊಂಡ ಮನಸ್ಸು ಎಂಬ ಕನ್ನಡದ ಮಾತುಗಳು ಇಂಥ ಅನುಭವದಿಂದ ಹುಟ್ಟಿದವು.

ಕೇಳಲು ಸುಲಭವಾದ ಈ ಕ್ರಮವು ಕೈಗೆ ಬರುವುದು ನಿಧಾನ. ವಿದ್ಯಾವಂತನಾದ ಗೃಹಸ್ಥನೊಬ್ಬನು ಕಲಿಯಲು ಕುಳಿತನೆಂದು ಭಾವಿಸೋಣ. ಮೊದಲ ದಿನ ಅವನ ಅಂಗೈ ಉರಿಯುತ್ತದೆ. ಹಗ್ಗವು ಒಂದೆಡೆ ಬೆರಳಿನಷ್ಟು ದಪ್ಪ, ಇನ್ನೊಂದೆಡೆ ದಾರದಷ್ಟು ತೆಳುವಾಗುತ್ತದೆ. ಕೈ ಬಿಟ್ಟೊಡನೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಹತ್ತು ಮೊಳದ ಎಳೆಯಿಂದ ಹತ್ತು ಮೊಳದ ಹಗ್ಗ ಬರುವುದೆಂದು ಅವನು ಲೆಕ್ಕ ಹಾಕಿದ್ದರೆ ಅದೂ ತಪ್ಪುತ್ತದೆ, ಏಕೆಂದರೆ ಹುರಿ ಏರಿದಂತೆ ಉದ್ದ ಕುಗ್ಗುತ್ತದೆ. ಪಕ್ಕದಲ್ಲಿ ಕುಳಿತ ಅಕ್ಷರ ಬಾರದ ಮುದುಕನು ಕಣ್ಣು ಬೇರೆಡೆಗಿಟ್ಟೇ ಸಮನಾದ ಹುರಿಯನ್ನು ಎಳೆಯುತ್ತಿರುತ್ತಾನೆ. ಆಗ ಗೃಹಸ್ಥನಿಗೆ ತನ್ನ ವಿದ್ಯೆಯ ಗಡಿ ಎಲ್ಲಿದೆಯೆಂಬುದು ತಿಳಿಯುತ್ತದೆ. ಆ ಮುದುಕನನ್ನು ಇದುವರೆಗೆ ಏಕವಚನದಿಂದ ಕರೆಯುತ್ತಿದ್ದವನ ಬಾಯಿಂದ ‘ಹೀಗೇನು ಯಜಮಾನರೆ, ಇನ್ನೊಮ್ಮೆ ತೋರಿಸಿರಿ’ ಎಂಬ ಮಾತು ತಾನಾಗಿ ಹೊರಡುತ್ತದೆ. ಇದು ಕಲಿಕೆಯ ಮೊದಲನೆಯ ಫಲ.

ಕಾಣದ ಜೋಡಣೆ

ಎರಡನೆಯ ಫಲವು ಇದಕ್ಕಿಂತ ಆಳವಾದುದು. ಹೊಸೆಯುತ್ತ ಹೋದಂತೆ ಎಳೆಯೊಂದು ಮುಗಿಯುತ್ತ ಬರುತ್ತದೆ. ಅದು ಪೂರಾ ತೀರುವ ಮೊದಲೇ ಹೊಸ ನಾರಿನ ತುದಿಯನ್ನು ನಾಲ್ಕಾರು ಬೆರಳಿನಷ್ಟು ಒಳಕ್ಕೆ ಸೇರಿಸಿ, ಹಳೆಯದರೊಡನೆ ಕೂಡಿಸಿ ತಿರುಚಬೇಕು. ಎರಡೂ ಎಳೆಗಳ ಜೋಡಣೆ ಒಂದೇ ಸ್ಥಳದಲ್ಲಿ ಬೀಳಬಾರದು. ಮೊದಲು ಮಡಿಕೆ ಹಾಕುವಾಗ ಒಂದು ತುದಿಯನ್ನು ಗಿಡ್ಡ ಮಾಡಿದ್ದರ ಕಾರಣವೂ ಇದೇ. ಸೋಮಾರಿಯಾದವನು ಹೊಸ ನಾರನ್ನು ಒಂದೆರಡು ಬೆರಳಿನಷ್ಟು ಮಾತ್ರ ಸೇರಿಸಿ ಮುಂದೆ ಸಾಗಬಹುದು. ಮೇಲಿನ ಹುರಿ ಅದನ್ನು ಮುಚ್ಚಿಬಿಡುತ್ತದೆ. ಕೊಳ್ಳುವವನು ನೋಡಿದರೆ ಎರಡು ಹಗ್ಗಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಒಳಗಿನ ಜೋಡಣೆ ಗಟ್ಟಿಯೋ ಸಡಿಲವೋ ಎಂಬುದು ಹೊಸೆದವನ ಕೈಗೂ ಅವನ ಮನಸ್ಸಿಗೂ ಮಾತ್ರ ಗೊತ್ತು.

ಆ ಹಗ್ಗ ಎಲ್ಲಿಗೆ ಹೋಗುತ್ತದೆ? ಯಾವುದೋ ಮನೆಯ ತೊಲೆಗೆ ಬಿಗಿದು ತೊಟ್ಟಿಲು ಕಟ್ಟುವರು. ತಾಯಿ ಕೂಸನ್ನು ಮಲಗಿಸಿ ಒಳಗೆ ಹೋಗುವಳು. ಆಕೆ ನಂಬಿರುವುದು ತಾನು ಕಂಡರಿಯದ ಒಬ್ಬನ ಕೈಯ ಶುಚಿಯನ್ನು. ಬಾವಿಗಿಳಿದು ಹೂಳೆತ್ತುವವನೂ ಮರವೇರಿ ಕೊಂಬೆ ಕಡಿಯುವವನೂ ಅದನ್ನೇ ನಂಬಿರುವರು. ಯಾರ ಕಣ್ಣಿಗೂ ಬೀಳದ ಸ್ಥಳದಲ್ಲಿ ನಾಲ್ಕು ಬೆರಳು ನಾರನ್ನು ಉಳಿಸುವ ಅವಕಾಶವಿದ್ದಾಗ ಉಳಿಸದಿರುವುದೇ ಕಾಯಕದ ಶುಚಿ. ಶರಣರು ಅಂತರಂಗ ಬಹಿರಂಗಗಳೆರಡೂ ಶುದ್ಧವಾಗಿರಬೇಕೆಂದು ಬೋಧಿಸಿದರು. ಅವರಲ್ಲಿ ಬಹುಜನರು ಕೈಯಿಂದ ದುಡಿಯುವವರಾಗಿದ್ದುದರಿಂದ ಅದು ಬರಿಯ ತತ್ತ್ವವಾಗಿ ಉಳಿಯಲಿಲ್ಲ. ಹಗ್ಗದ ಹೊರಮೈಯ ನುಣುಪು ಬಹಿರಂಗ, ಒಳಗಿನ ಜೋಡಣೆ ಅಂತರಂಗ. ಎರಡಕ್ಕೂ ಅಂತರವಿದ್ದರೆ ಒಂದು ದಿನ ತೊಟ್ಟಿಲು ಬೀಳುತ್ತದೆ. ಹುಲ್ಲಿನ ಹಗ್ಗದಲ್ಲಿ ಚಂದಯ್ಯನು ಕಂಡ ಮಹತ್ವವನ್ನು ಈ ದೃಷ್ಟಿಯಿಂದ ನೋಡಿದರೆ ಆ ಕಥೆ ಅತಿಶಯೋಕ್ತಿಯೆನಿಸದು. ಬೆಲೆಗಿಂತ ಹೆಚ್ಚಿನ ಹಣ ಅವನಿಗೇಕೆ ಬೇಡವಾಯಿತೆಂಬುದೂ ತಿಳಿಯುವುದು. ಹೊಸೆದಷ್ಟಕ್ಕೆ ಮಾತ್ರ ಬೆಲೆ. ಅದಕ್ಕೆ ಮೀರಿದುದು ಹಗ್ಗದಲ್ಲಿಲ್ಲದ ನಾರಿಗೆ ಬೆಲೆ ಕಟ್ಟಿದಂತೆ.

ಲೋಕದಲ್ಲಿ ಈ ವಿದ್ಯೆ

ಈ ವಿದ್ಯೆ ಒಂದು ನಾಡಿಗೆ ಸೇರಿದುದಲ್ಲ. ಫ್ರಾನ್ಸ್ ದೇಶದ ಗುಹೆಯಾಶ್ರಯವೊಂದರಲ್ಲಿ ದೊರೆತ ಕಲ್ಲಿನ ಉಪಕರಣದ ಮೇಲೆ ಅಂಟಿಕೊಂಡಿದ್ದ ನಾರಿನ ತುಣುಕೊಂದರ ವಿವರವನ್ನು ವಿದ್ವಾಂಸರು 2020ರಲ್ಲಿ ಪ್ರಕಟಿಸಿದರು. ಅದರ ಉದ್ದ ಸುಮಾರು 6 ಮಿಲಿಮೀಟರ್ ಮಾತ್ರ. ವಯಸ್ಸು 40,000 ವರ್ಷಗಳಿಗೂ ಹೆಚ್ಚು. ನಿಯಾಂಡರ್ತಾಲ್ ಮಾನವರ ಕಾಲದ ಆ ತುಣುಕಿನಲ್ಲಿ ಮೂರು ಎಳೆಗಳು ಒಂದು ದಿಕ್ಕಿಗೆ ಹುರಿಗೊಂಡು, ಕೂಡಿ ಎದುರು ದಿಕ್ಕಿಗೆ ಹುರಿಗೊಂಡಿವೆ. ಇಂದು ಪಡಸಾಲೆಯಲ್ಲಿ ಕುಳಿತು ಕಲಿಯುವವನ ಬೆರಳುಗಳು ಮಾಡುವುದೂ ಅದನ್ನೇ.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಅಪುರಿಮಾಕ್ ನದಿಯ ಕಣಿವೆಗೆ ಅಡ್ಡಲಾಗಿ ಕೆಸ್ವಚಾಕ ಎಂಬ ಹುಲ್ಲಿನ ತೂಗುಸೇತುವೆಯಿದೆ. ಸುತ್ತಲಿನ ಗ್ರಾಮಗಳ ರೈತರು ವರ್ಷಕ್ಕೊಮ್ಮೆ ಕೂಡಿ ಅದನ್ನು ಹೊಸದಾಗಿ ಕಟ್ಟುವರು. ಮನೆಮನೆಯವರು ಹುಲ್ಲಿನಿಂದ ಹೊಸೆದ ಹಗ್ಗಗಳನ್ನು ತಂದೊಪ್ಪಿಸುವರು. ಅವುಗಳನ್ನು ಕೂಡಿಸಿ ದಪ್ಪನೆಯ ಹಗ್ಗಗಳನ್ನು ಮಾಡಿ ಸೇತುವೆ ಕಟ್ಟುವರು. 2013ರಲ್ಲಿ ಯುನೆಸ್ಕೊ ಸಂಸ್ಥೆಯು ಆ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸೇತುವೆಯ ಮೇಲೆ ನಡೆಯುವವನು ನೆರೆಯವರ ಮನೆಯ ಹಗ್ಗವನ್ನು ನಂಬಿ ಹೆಜ್ಜೆಯಿಡುತ್ತಾನೆ. ಒಂದು ಮನೆಯ ಜೋಡಣೆ ಸಡಿಲವಾದರೆ ಊರೆಲ್ಲಕ್ಕೂ ಅಪಾಯ. ಸಮಾಜವೆಂಬುದು ಹೇಗೆ ನಿಂತಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ.

ಒಂದು ಆಕ್ಷೇಪಕ್ಕೆ ಸಮಾಧಾನ

‘ಅಂಗಡಿಯ ಹಗ್ಗ ನೀರಿನಲ್ಲಿ ಕೊಳೆಯದು, ಹೆಚ್ಚು ಕಾಲ ಬಾಳುವುದು, ಶ್ರಮವಿಲ್ಲದೆ ದೊರೆಯುವುದು. ಹೀಗಿರುವಾಗ ಕೈಯಿಂದ ಹೊಸೆಯುವುದು ಕಾಲಹರಣವಲ್ಲವೆ?’ ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಹಣದ ಲೆಕ್ಕದಲ್ಲಿ ಮನೆಯ ಹಗ್ಗವು ಅಂಗಡಿಯ ಹಗ್ಗದೊಡನೆ ಸ್ಪರ್ಧಿಸಲಾರದು; ಸ್ಪರ್ಧಿಸಬೇಕಾಗಿಯೂ ಇಲ್ಲ. ಬಿಡುವಿನಲ್ಲಿ ಕಲಿಯುವ ಕೈಗೆಲಸದ ಲಾಭವನ್ನು ಅದು ಕಲಿಯುವವನಲ್ಲಿ ಉಂಟುಮಾಡುವ ಬದಲಾವಣೆಯಿಂದ ಅಳೆಯಬೇಕು. ಹಗ್ಗದ ಜೋಡಣೆಯನ್ನು ಅರಿತ ವ್ಯಾಪಾರಿಗೆ ಮೂಟೆಯ ಮೇಲೆ ಒಳ್ಳೆಯ ಕಾಳು ಕೆಳಗೆ ಹುಳುಕು ತುಂಬುವಾಗ ಕೈ ನಡುಗೀತು. ಕಚೇರಿಯಲ್ಲಿ ಕುಳಿತವನಿಗೆ ಯಾರೂ ಪರೀಕ್ಷಿಸದ ಕಾಗದದಲ್ಲಿಯೂ ಲೆಕ್ಕವನ್ನು ಸರಿಯಾಗಿ ಬರೆಯಬೇಕೆನಿಸೀತು. ಬುಟ್ಟಿ ಹೆಣೆಯುವವರೊಡನೆ, ಚಪ್ಪಲಿ ಹೊಲಿಯುವವರೊಡನೆ ಚೌಕಾಸಿ ಮಾಡುವಾಗ ಮಾತು ಮೃದುವಾದೀತು. ಇವು ಅಲ್ಪ ಲಾಭಗಳಲ್ಲ.

ಆದರೆ ಬಿಡುವಿನ ಹವ್ಯಾಸವನ್ನೇ ಕಾಯಕವೆಂದು ಕರೆದುಕೊಂಡು ಬೀಗುವುದು ತರವಲ್ಲ. ತನ್ನ ಸಂತೋಷಕ್ಕಾಗಿ ಮಾಡಿ ಬೇಸರವಾದಾಗ ಬಿಡುವಂಥದು ಹವ್ಯಾಸ. ಇತರರ ಅವಶ್ಯಕತೆಗೆ ಒದಗುವಂತೆ, ಬೇಸರದ ದಿನವೂ ಶುಚಿಯಾಗಿ ಮಾಡುವಂಥದು ಕಾಯಕ. ಮೊದಲನೆಯದು ಎರಡನೆಯದಕ್ಕೆ ಮೆಟ್ಟಿಲಾಗಬಲ್ಲುದು.

ಗೃಹಸ್ಥರಿಗೆ ಸೂಚನೆ

ಕಲಿಯಬಯಸುವವರು ಊರಿನಲ್ಲಿ ಹೊಸೆಯಬಲ್ಲ ಹಿರಿಯರೊಬ್ಬರನ್ನು ಆಶ್ರಯಿಸುವುದು ಉತ್ತಮ. ದಿನಕ್ಕೆ ಒಂದು ಮೊಳ ಹೊಸೆದರೆ ಸಾಕು. ಸಮನಾದ ಒಂದು ಮೊಳವು ಗಂಟುಗಂಟಾದ ಹತ್ತು ಮೊಳಕ್ಕಿಂತ ಮೇಲು. ತಪ್ಪಿದುದನ್ನು ಮುಚ್ಚದೆ ಬಿಚ್ಚಿ, ಮತ್ತೆ ಹೊಸೆಯಬೇಕು. ಕಲಿಯುವವರು ಹೊಸೆದ ಮೊದಲ ಹಗ್ಗಗಳನ್ನು ತೊಟ್ಟಿಲಿಗಾಗಲಿ ಬಾವಿಗಾಗಲಿ ಬಳಸಬಾರದು. ಅವರೆಯ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟಲು, ಸೌದೆಯ ಹೊರೆ ಬಿಗಿಯಲು, ಬಟ್ಟೆ ಒಣಹಾಕಲು ಅವು ಸಾಕು. ಮನೆಯ ಮಕ್ಕಳನ್ನೂ ಹತ್ತಿರ ಕೂರಿಸಿಕೊಂಡು ಎರಡೆಳೆಯ ಹುರಿಯನ್ನು ಕಲಿಸಬೇಕು. ಹುಡುಗರಿಗೆ ಮಾತ್ರ, ಹುಡುಗಿಯರಿಗೆ ಮಾತ್ರ ಎಂಬ ಭೇದ ಇದರಲ್ಲಿ ಸಲ್ಲದು. ಹಗ್ಗ ಬೇಡವಾದವರು ನೂಲುವುದನ್ನೋ ಬುಟ್ಟಿ ಹೆಣೆಯುವುದನ್ನೋ ಹೊಲಿಗೆಯನ್ನೋ ಆರಿಸಿಕೊಳ್ಳಬಹುದು. ಯಾವ ಕೆಲಸವನ್ನು ಆರಿಸಿದರೂ ಅದರಲ್ಲಿ ಹೊರಗೆ ಕಾಣದ ಜೋಡಣೆಯೊಂದು ಇದ್ದೇ ಇರುತ್ತದೆ. ಹೊಲಿಗೆಯಲ್ಲಿ ಅದು ಬಟ್ಟೆಯ ಒಳಮಗ್ಗುಲು. ಬುಟ್ಟಿಯಲ್ಲಿ ಅದು ತಳದ ಹೆಣಿಗೆ. ಆ ಸ್ಥಳವನ್ನು ಗುರುತಿಸಿ, ಅಲ್ಲಿ ಮೊದಲು ಗಟ್ಟಿಯಾಗುವುದನ್ನು ಕಲಿಯಬೇಕು.

ಹೀಗೆ ಕಲಿತವನು ಸಂಜೆ ಕೈ ತೊಳೆದು ಪೂಜೆಗೆ ಕುಳಿತಾಗ ಅವನ ಅಂಗೈಯಲ್ಲಿ ನಾರಿನ ಗೀರುಗಳಿರುತ್ತವೆ. ಇಷ್ಟಲಿಂಗವನ್ನು ಇಟ್ಟುಕೊಳ್ಳುವುದೂ ಅದೇ ಅಂಗೈಯಲ್ಲಿ. ಚಂದಯ್ಯನ ಅಂಗೈಯೂ ಹಾಗೆಯೇ ಒರಟಾಗಿದ್ದಿರಬೇಕು.