ನಾಣ್ಯ ಸಂಗ್ರಹದ ಮೊದಲ ಪಾಠ: ತಿಕ್ಕಬೇಡಿ

ನಾಣ್ಯ ಸಂಗ್ರಹ ಶುರು ಮಾಡೋದು ಹೇಗೆ ಅಂತ ಇವತ್ತು ನೋಡೋಣ. ಜೀವವಿಜ್ಞಾನದವರಿಗೆ ನಾಣ್ಯದ ಉಸಾಬರಿ ಯಾಕೆ ಅಂತೀರಾ? ನಾನೇ ಮಾಡಿದ ಒಂದು ತಪ್ಪಿನಿಂದ ಈ ಆಸಕ್ತಿ ಹುಟ್ಟಿತು.

ಎಂಟನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ತಮ್ಮ ಎಲೆಅಡಿಕೆ ಡಬ್ಬಿಯಿಂದ ದಪ್ಪನೆಯ ತಾಮ್ರದ ಕಾಸೊಂದನ್ನು ತೆಗೆದುಕೊಟ್ಟರು. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಪರ್ಷಿಯನ್ ಬರಹ. ಟಿಪ್ಪು ಸುಲ್ತಾನನ ಕಾಲದ ಪೈಸೆ. ಕಪ್ಪಗಿತ್ತು. ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತೆಂಗಿನ ನಾರಿನಲ್ಲಿ ಚೆನ್ನಾಗಿ ತಿಕ್ಕಿದೆ. ಫಳಫಳ ಹೊಳೆಯಿತು. ಅಜ್ಜಿಗೂ ಖುಷಿ, ನನಗೂ ಖುಷಿ. ಎಷ್ಟೋ ವರ್ಷಗಳ ಮೇಲೆ ಅನುಭವಿ ಸಂಗ್ರಾಹಕರೊಬ್ಬರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ: "ತೊಳೆದುಬಿಟ್ರಾ?" ಆನೆಯ ಮೇಲಿದ್ದ ಇಸವಿ ಓದಲಾಗದಷ್ಟು ಸವೆದಿತ್ತು.

ಆಗಿದ್ದೇನು? ತಾಮ್ರವು ಗಾಳಿಯ ಆಮ್ಲಜನಕ ಮತ್ತು ತೇವದೊಂದಿಗೆ ನಿಧಾನವಾಗಿ ವರ್ತಿಸಿ ಮೇಲೊಂದು ತೆಳು ಪದರ ಕಟ್ಟಿಕೊಳ್ಳುತ್ತದೆ. ಇದಕ್ಕೆ ಪಟಿನಾ ಅಂತ ಹೆಸರು. ಅದು ಕೊಳೆಯಲ್ಲ, ಕೆಳಗಿನ ಲೋಹವನ್ನು ಕಾಯುವ ಕವಚ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಆ ಪದರವನ್ನು ಕರಗಿಸುತ್ತದೆ, ನಾರು ಗೀರು ಹಾಕುತ್ತದೆ. ಉಪ್ಪಿನ ಕ್ಲೋರೈಡ್ ಸಂದಿಗಳಲ್ಲಿ ಉಳಿದರೆ, ತೇವ ಸಿಕ್ಕಾಗಲೆಲ್ಲ ತಾಮ್ರವನ್ನು ತಿನ್ನುತ್ತಾ ತಿಳಿಹಸಿರು ಪುಡಿ ಉದುರಿಸುತ್ತದೆ. ಚೊಂಬನ್ನು ವಾರವಾರ ಬೆಳಗಬಹುದು. ಕಾಸಿನ ಮೇಲಿನ ಅಂಕಿ ಒಮ್ಮೆ ಹೋದರೆ ಹೋಯಿತು.

ಹಾಗಾದರೆ ಶುರು ಎಲ್ಲಿಂದ? ದುಡ್ಡು ಕೊಟ್ಟು ಕೊಳ್ಳೋದರಿಂದ ಅಲ್ಲ, ಮನೆಯ ಚಿಲ್ಲರೆ ಡಬ್ಬಿಯಿಂದ. ಅಮೆರಿಕದಲ್ಲಿದ್ದರೆ ಪೆನ್ನಿಗಳನ್ನು ಹರಡಿಕೊಂಡು ಕೂತುಕೊಳ್ಳಿ. 1982ರಲ್ಲಿ ಪೆನ್ನಿಯ ಲೋಹ ಬದಲಾಯಿತು. ಅದಕ್ಕೂ ಮುಂಚಿನವುಗಳಲ್ಲಿ ಶೇಕಡಾ 95 ತಾಮ್ರ, ತೂಕ 3.11 ಗ್ರಾಂ. ನಂತರದವು ತಾಮ್ರದ ಲೇಪವಿರುವ ಸತು, 2.5 ಗ್ರಾಂ. 1982ರ ಇಸವಿಯಲ್ಲೇ ಎರಡೂ ಬಗೆ ಬಂದವು; ಅವನ್ನು ಬೇರ್ಪಡಿಸಲು ಸೂಕ್ಷ್ಮವಾಗಿ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕಾ?

ಊರಿಂದ ಬಂದ ಚಿಲ್ಲರೆ ಇದೆಯಾ? ಇಸವಿಯ ಕೆಳಗೆ ಕಣ್ಣಿಡಿ. ವಜ್ರದ ಗುರುತು ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ಇಸವಿಯ ರೂಪಾಯಿಯನ್ನು ನಾಲ್ಕೂ ಕಡೆಯಿಂದ ಹುಡುಕೋದು ಒಳ್ಳೆಯ ಮೊದಲ ಗುರಿ.

ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಬೆವರಿನಲ್ಲೂ ಉಪ್ಪು, ಆಮ್ಲ ಇರುತ್ತೆ. ಮೆತ್ತನೆಯ ಪಿವಿಸಿ ಕವರು ಬೇಡ, ಅದು ಕಾಲಕ್ರಮೇಣ ಹಸಿರು ಅಂಟು ಬಿಡುತ್ತದೆ. ಪಾಲಿಯೆಸ್ಟರ್ ಕವರು ಅಥವಾ ಆಮ್ಲರಹಿತ ಕಾಗದದ ಲಕೋಟೆ ಬಳಸಿ. ಡಬ್ಬಿಯಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಇನ್ನು, ನಮ್ಮ ಲ್ಯಾಬಿನ ಪಾಠ ಒಂದು: ಚೀಟಿ ಇಲ್ಲದ ಮಾದರಿಗೆ ಅರ್ಧ ಬೆಲೆ. ಯಾರು ಕೊಟ್ಟರು, ಎಲ್ಲಿ, ಯಾವಾಗ, ತೂಕವೆಷ್ಟು ಅಂತ ಅವತ್ತೇ ಬರೆದಿಡಿ. ನನ್ನ ಆನೆ ಪೈಸೆಯ ಇಸವಿ ಹೋಗಿದೆ. "ಅಜ್ಜಿಯ ಎಲೆಅಡಿಕೆ ಡಬ್ಬಿ" ಅನ್ನೋ ಚೀಟಿ ಮಾತ್ರ ಉಳಿದಿದೆ.

ಆ ಪೈಸೆ ಇವತ್ತಿಗೂ ಊರಿನ ಮನೆಯಲ್ಲೇ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ನಾಣ್ಯವನ್ನು ನಾವು ನೀವು ಭಾರತದಿಂದ ಹೊರಗೆ ತರುವಂತಿಲ್ಲ. ಹಾಗಾಗಿ ರಜೆಗೆ ಊರಿಗೆ ಹೋದಾಗ ಅಜ್ಜಿ ಇಂಥದ್ದೊಂದು ಕೊಟ್ಟರೆ ಫೋಟೋ ತೆಗೆಯಿರಿ, ತೂಗಿ, ಕಥೆ ಬರೆದುಕೊಳ್ಳಿ, ಅಲ್ಲೇ ಜೋಪಾನವಾಗಿಡಿ. ಹುಣಸೆಹಣ್ಣು ಸಾರಿಗಿರಲಿ.